ತೊಟ್ಟಿಲಿಗೆ ಕಟ್ಟಿದ ಚೀಟಿ

ಹಿಮ್ಮಡಿಗೆ ಸೂಜಿ ಚುಚ್ಚಿದರೂ ಮಗು ಅಳಲಿಲ್ಲ. ಹಿರಿಯ ನರ್ಸ್ ತೊಟ್ಟಿಲಿಗೆ ತಾನೇ ಕಟ್ಟಿದ್ದ ಚೀಟಿಯನ್ನು ಕಿತ್ತು ಮೆಲ್ಲಗೆ ಜೇಬಿಗೆ ತುರುಕಿದಳು.

"ರಕ್ತದಲ್ಲಿ ಸಕ್ಕರೆ ಪೂರ್ತಿ ಇಳಿದುಹೋಗಿದೆ," ಗ್ಲೂಕೋಸ್ ಹಾಕುತ್ತ ಡಾಕ್ಟರ್ ರೇಗಿದರು. "ದಿನ ತುಂಬೋಕೆ ತಿಂಗಳು ಮುಂಚೆ ಹುಟ್ಟಿದ ಮಗು, ನೋಡೋಕೆ ಗುಂಡುಗುಂಡಾಗಿದ್ರೂ ಹಸಿವಿಗೆ ಏಳಲ್ಲ, ಮೂರು ಗಂಟೆಗೊಮ್ಮೆ ಎಬ್ಬಿಸಿ ಹಾಲು ಕೊಡಿ ಅಂತ ತರಬೇತೀಲಿ ಹೇಳಿರ್ಲಿಲ್ವಾ? ಯಾಕೆ ಎಬ್ಬಿಸ್ಲಿಲ್ಲ?"

ಆ ತರಬೇತಿಯಲ್ಲಿ ನರ್ಸ್ ಆಕಳಿಸುತ್ತ ಕೂತಿದ್ದಳು. ಎಬ್ಬಿಸಲಾ ಎಂದು ಬಾಣಂತಿ ಎರಡು ಸಲ ಕೇಳಿದಾಗಲೂ, "ಮೂವತ್ತು ವರ್ಷದಿಂದ ಮಕ್ಕಳನ್ನ ನೋಡ್ತಿದ್ದೀನಿ, ಸುಮ್ನಿರಮ್ಮಾ" ಎಂದಿದ್ದಳು.

"ಸಿಸ್ಟರ್‌ದೇನೂ ತಪ್ಪಿಲ್ಲ ಡಾಕ್ಟ್ರೇ," ಬಾಣಂತಿ ಬಿಕ್ಕಿದಳು. "ನಾನೇ ನಿದ್ದೆ ಹೋಗ್ಬಿಟ್ಟೆ."

ಅಷ್ಟರಲ್ಲಿ ಮಗು ಕಿರ್ರೆಂದು ಅತ್ತಿತು. ಎಲ್ಲರ ಮುಖ ಅರಳಿತು. ನರ್ಸ್ ಮಾತ್ರ ತಲೆ ಎತ್ತದೆ, ಜೇಬಿನ ಚೀಟಿ ತೆಗೆದು ಡಾಕ್ಟರ ಕೈಗಿಟ್ಟಳು. ಅದರಲ್ಲಿ ಅವಳದೇ ದುಂಡಗಿನ ಅಕ್ಷರ: "ಮಗು ಮಲಗಿದೆ, ಎಬ್ಬಿಸಬೇಡಿ."