ಕಟ್ಟೆಗೊಬ್ಬ ಸೋದರಮಾವ

ಗೋದಾಬಾಯಿಯವರ ಹೊಸ ಅಡುಗೆಕಟ್ಟೆ ಹಸಿವಿನಿಂದ ಬಿಳಿಚಿಕೊಂಡಿತ್ತು. ಅದನ್ನು ಕೂರಿಸಿಹೋಗಿದ್ದ ಕಂಪನಿಯ ಮಲ್ಲೇಶಿ ಮುಟ್ಟಿ ನೋಡಿ ಗಾಬರಿಯಾದ. ಕಂಪನಿ ಬಂಡೆ ಸೀಳುವುದನ್ನು ಬಿಟ್ಟು, ಹತ್ತಿಕಟ್ಟಿಗೆಯ ಮೇಲೆ ಅಣಬೆಯಿಂದ ಜೀವಂತ ಕಟ್ಟೆ ಬೆಳೆಸತೊಡಗಿದಾಗಿನಿಂದ ಧಾರವಾಡದ ಮನೆಮನೆಯಲ್ಲೂ ಇಂಥವೇ. ಚೆಲ್ಲಿದ್ದನ್ನೆಲ್ಲ ನೆಕ್ಕಿ ತಾವೇ ಹೊಳೆಯುತ್ತಿದ್ದವು. ಸೋಪಿನ ನೀರು ಗಟಾರಕ್ಕೆ ಹೋಗುವ ಮಾತೇ ಇರಲಿಲ್ಲ. ಆದರೆ ಕಟ್ಟೆಯೊಂದು ಸತ್ತರೆ ಮಲ್ಲೇಶಿಯ ನೌಕರಿಗೇ ಕುತ್ತು.

“ಅಜ್ಜಿ, ಇದರ ಮ್ಯಾಲೆ ಏನೂ ಚೆಲ್ಲಿಲ್ಲೇನ್ರಿ? ಸಾಯಾಕತ್ತೈತ್ರಿ!”

“ಪಾತ್ರಿ ಸುದ್ಧಾ ಇಟ್ಟಿಲ್ಲ. ನೆಕ್ಕೋ ಕಟ್ಟಿ ಅಂದ್ರ ಎಂಜಲ ಕಟ್ಟಿ. ಅದರ ಮ್ಯಾಲೆ ದೇವರ ನೈವೇದ್ಯ ಮಾಡ್ಲೇನು?”

ಮಲ್ಲೇಶಿ ತಲೆ ಕೆರೆದುಕೊಂಡ. “ಹುಟ್ಟಿ ಐದ ತಿಂಗಳಾತ್ರಿ ಇದಕ್ಕ. ಕೂಸಿನ ಎಂಜಲ ಯಾರರ ಎಣಸ್ತಾರೇನ್ರಿ?”

ಗೋದಾಬಾಯಿ ಕರಗಿಹೋದರು. “ಅಯ್ಯ, ಕೂಸೇನೋ ಇದು! ಮೊದಲ ಹೇಳಬಾರದ?” ಎಂದು ಒಂದು ಲೋಟ ಹಾಲು ಸುರಿದರು. ಕಟ್ಟೆ ಸೊರಸೊರನೆ ಹೀರಿ ಮಿರಮಿರ ಮಿಂಚಿತು. ಬದುಕಿದೆನಪ್ಪಾ ಎಂದುಕೊಂಡ ಮಲ್ಲೇಶಿ, “ನಾಳಿಂದ ಅನ್ನ-ಸಾರು ಹಾಕ್ರಿ” ಎನ್ನುತ್ತ ಚೀಲವನ್ನು ಹೆಗಲಿಗೇರಿಸಿದ.

“ಅನ್ನಪ್ರಾಶನ ಆಗದ ಅನ್ನ ಹೆಂಗ ಹಾಕೂದು? ಮುಂದಿನ ತಿಂಗಳ ಮುಹೂರ್ತ ನೋಡ್ತೀನಿ. ಈ ಮನಿಗೆ ತಂದಾವ ನೀನು, ಸೋದರಮಾವನೂ ನೀನ. ಬೆಳ್ಳಿ ಬಟ್ಟಲಾ ತೊಗೊಂಡ ಬಾ.”

ಮಲ್ಲೇಶಿ ಬಾಯಿ ತೆರೆಯುವಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯಾಕೆಯ ದನಿ ಬಂತು: “ಗೋದಾಬಾಯಿ, ನಮ್ಮ ಕಟ್ಟಿನೂ ಅವನ ತಂದಾನ್ರಿ! ನಮಗೂ ಒಂದು ಬಟ್ಟಲಾ ಹೇಳ್ರಿ!”