ಹೆಗಲ ಮೇಲಿನ ಮಸಿ

ಚಿಮಣಿಯೊಳಗಿಂದ ಮೊದಲು ಇಳಿದು ಬಂದದ್ದು ಒಂದು ತೋಳು.

ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. ಚಿಮಣಿ ಗುಡಿಸಲು ಬಂದಿದ್ದ ಹುಡುಗಿ ಅಗ್ಗಿಷ್ಟಿಕೆಯೊಳಗೆ ಮಂಡಿಯೂರಿ ಕೂತಿದ್ದಳು. ಅವಳ ತಲೆ ಗೋಡೆಯೊಳಗೆ ಎಲ್ಲೋ ಇತ್ತು. "ಹೆದರ್ಬೇಡಿ ಯಜಮಾನ್ರೇ, ಬರೀ ತೋಳು," ಎಂದಿತು ಅಲ್ಲಿಂದ ಅವಳ ದನಿ. "ಒಳಗೆ ಕೈ ಇಲ್ಲ."

ಕೈ ಇರಲಿಲ್ಲ, ಗುಂಡಿಗಳಿದ್ದವು. ಮೂರು ಹಿತ್ತಾಳೆ ಗುಂಡಿ. ನಡುವಿನದನ್ನು ಹೆಂಡತಿ ಕೆಂಪು ದಾರದಲ್ಲಿ ಹೊಲಿದುಕೊಟ್ಟಿದ್ದಳು. ಆ ದಾರ ಕಂಡದ್ದೇ ತಡ, ಐದು ವರ್ಷದ ಹಿಂದಿನ ಒಂದು ಸಂಜೆ ಯಜಮಾನರ ತಲೆಯಲ್ಲಿ ಧುತ್ತೆಂದು ಎದ್ದು ನಿಂತಿತು. ಚಿಮಣಿಯಲ್ಲಿ ಗಾಳಿ ಊಳಿಡುತ್ತಿತ್ತು. ರೇಡಿಯೋ ವಾರ್ತೆ ಒಂದಕ್ಷರ ಕೇಳುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಮುದುರಿ ಮೇಲಕ್ಕೆ ತುರುಕಿದ್ದರು. ವಾರ್ತೆ ಸೊಗಸಾಗಿ ಕೇಳಿಸಿತ್ತು. ಮರುದಿನ ಅವರ ಕೋಟು ಕಾಣೆಯಾಗಿತ್ತು.

ಅಂದು ಮನೆಯಲ್ಲಿದ್ದ ನೆಂಟನೆಂದರೆ ಹೆಂಡತಿಯ ತಮ್ಮನೊಬ್ಬನೇ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಕೋಟು ಎಲ್ಲಿ ಅಂದ ಕೂಡ್ಲೆ ಇವನ ಮುಖ ನೋಡ್ಬೇಕಿತ್ತು" ಎಂದು ಯಜಮಾನರು ಐದು ವರ್ಷದಲ್ಲಿ ಹೇಳದೆ ಬಿಟ್ಟ ಬಂಧುವಿಲ್ಲ. ಅಂದು ಹೋದ ಭಾವಮೈದುನ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಹೆಂಡತಿ ಅತ್ತು, ಮುನಿದು, ಕೊನೆಗೆ ತಮ್ಮನಿಗೇ ದಮ್ಮಯ್ಯ ದಕ್ಕಯ್ಯ ಅಂದು ಒಪ್ಪಿಸಿದ್ದಳು. ಇವತ್ತು ನಾಲ್ಕು ಗಂಟೆಗೆ ಅವನು ಹೊಸ ಕೋಟೊಂದನ್ನು ತಂದು, ತಪ್ಪಾಯಿತು ಎಂದುಬಿಡುವುದೆಂದು ಮಾತಾಗಿತ್ತು. ಆ ಮಾತನ್ನು ಬೆಂಕಿಯ ಮುಂದೆ ಕೂತು ಬೆಚ್ಚಗೆ ಕೇಳಬೇಕೆಂಬುದು ಯಜಮಾನರ ಆಸೆ. ಕರೆಂಟಿನ ಹೀಟರ್ ಬಂದಂದಿನಿಂದ ಯಾರೂ ಮುಟ್ಟದಿದ್ದ ಅಗ್ಗಿಷ್ಟಿಕೆಗೆ ಬೆಳಿಗ್ಗೆ ಅವರೇ ಸೌದೆ ಹೊತ್ತಿಸಿದ್ದರು. ಹೊಗೆಯೆಲ್ಲ ಹಜಾರಕ್ಕೇ ನುಗ್ಗಿತ್ತು. ಅದಕ್ಕೇ ಈ ಹುಡುಗಿಗೆ ಕರೆ ಹೋದದ್ದು.

"ಅದನ್ನ ಮೇಲಕ್ಕೆ ತಳ್ಳಿಬಿಡಮ್ಮ," ಎಂದು ಯಜಮಾನರು ಪಿಸುಗುಟ್ಟಿದರು.

"ತೆಗೆಯೋಕೆ ತಾನೇ ಕರೆಸಿದ್ದು?"

"ನಾಳೆ ತೆಗಿ. ಇವತ್ತೊಂದು ದಿನ ಅಲ್ಲೇ ಇರ್ಲಿ."

"ಇದನ್ನ ಇಟ್ಕೊಂಡು ಬೆಂಕಿ ಹಾಕಿದ್ರೆ ಕಷ್ಟ. ಕಾಣೋ ಹೊಗೆ ಆದ್ರೆ ಕೆಮ್ಕೊಂಡು ಹೊರಗೆ ಓಡ್ತೀರಿ. ಕಾಣದೇ ಇರೋ ವಿಷಗಾಳಿ ಒಂದಿರುತ್ತೆ, ಅದಕ್ಕೆ ವಾಸನೆನೂ ಇಲ್ಲ. ಕೂತಲ್ಲೇ ಜೊಂಪು ಹತ್ತುತ್ತೆ, ಮತ್ತೆ ಏಳೋದಿಲ್ಲ."

ಆ ಗಳಿಗೆಯಲ್ಲಿ ಯಜಮಾನರಿಗೆ ಅದು ಅಂಥ ಕೆಟ್ಟ ದಾರಿಯೆಂದೇನೂ ಅನ್ನಿಸಲಿಲ್ಲ.

ಹುಡುಗಿ ಒಮ್ಮೆ ಜಗ್ಗಿದಳು. ಬುಟ್ಟಿಗಟ್ಟಲೆ ಮಸಿಯೊಡನೆ ಕೋಟು ಧೊಪ್ಪನೆ ಬಿತ್ತು. ಜೇಬಿನಲ್ಲಿ ಒಣಹುಲ್ಲು, ಎರಡು ಒಡೆದ ಮೊಟ್ಟೆ ಚಿಪ್ಪು. "ಹಕ್ಕಿ ಸಂಸಾರ ಮಾಡಿದೆ," ಎಂದಳು ಅವಳು. "ಯಾರಿಗಾದ್ರೂ ಉಪಯೋಗ ಆಯ್ತಲ್ಲ."

"ರೀ, ಏನದು ಬಿದ್ದಿದ್ದು?" ಅಡುಗೆಮನೆಯಿಂದ ಹೆಂಡತಿಯ ದನಿ.

"ಏನಿಲ್ಲ ಕಣೇ, ಹಳೇ ಗೂಡು!" ಯಜಮಾನರು ಕೋಟನ್ನು ಬಾಚಿಕೊಂಡು ಹುಡುಗಿಯ ಚೀಲಕ್ಕೆ ತಾವೇ ತುಂಬಿದರು. "ದೂರ ಎಲ್ಲಾದ್ರೂ ಬಿಸಾಕಮ್ಮ."

ಅವಳು ಚೀಲದ ಬಾಯಿ ಕಟ್ಟುತ್ತ ಕೇಳಿದಳು: "ಒಳ್ಳೇ ಕೋಟು. ಯಾರದು ಯಜಮಾನ್ರೇ?"

"ಯಾರದೋ ಏನೋ, ನಂಗೇನು ಗೊತ್ತು?" ಎಂದರು ಯಜಮಾನರು. ಹಾಗೆನ್ನುವಾಗ ಅವರ ಬಲಗೈ ತನ್ನಷ್ಟಕ್ಕೆ ತಾನೇ ಎಡಹೆಗಲನ್ನು ಮುಟ್ಟಿ ನೋಡಿಕೊಂಡಿತು. ಭಾವಮೈದುನನ ಮುಂದೆ ಕೂರಲೆಂದೇ ಇಸ್ತ್ರಿ ಮಾಡಿಸಿದ್ದ ಬಿಳಿ ಅಂಗಿ. ಹುಡುಗಿ ನೋಡಿದಳು. ಕುಂಚ, ಸರಳುಗಳನ್ನು ಒಟ್ಟುಮಾಡುತ್ತ, "ವರ್ಷಕ್ಕೊಂದು ಸಲ ತೆಗೆಸ್ತಾ ಇರಿ," ಎಂದಳು ಅಷ್ಟೆ. "ಐದು ವರ್ಷ ಬಿಟ್ರೆ ಒಳಗೇ ಗಟ್ಟಿಯಾಗಿ ಕೂತ್ಬಿಡುತ್ತೆ. ಆಮೇಲೆ ಒಂದು ಕಿಡಿ ಸಾಕು."

ಕರೆಗಂಟೆ ಸದ್ದು ಮಾಡಿತು. ಭಾವಮೈದುನ ಕಂಕುಳಲ್ಲಿ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದ. ಐದು ವರ್ಷದಲ್ಲಿ ಕೂದಲು ತೆಳ್ಳಗಾಗಿತ್ತು. ಒಳಗೆ ಬಂದು, ನೆಲ ನೋಡುತ್ತ, ಬಾಯಿಪಾಠ ಮಾಡಿಕೊಂಡು ಬಂದವನಂತೆ ಶುರುಮಾಡಿದ: "ಭಾವ, ತಪ್ಪಾಯ್ತು. ಆ ಕೋಟಿನ ವಿಷಯ..."

"ಬಿಡಯ್ಯ, ಆಗಿದ್ದು ಆಗ್ಹೋಯ್ತು," ಎಂದರು ಯಜಮಾನರು. "ಮನಸ್ಸಲ್ಲಿ ಇಟ್ಕೊಳ್ಳೋ ಮನುಷ್ಯ ಅಲ್ಲ ನಾನು."

ಚಹಾದ ತಟ್ಟೆ ಹಿಡಿದು ಬಂದ ಹೆಂಡತಿ ತಮ್ಮನನ್ನು ನೋಡಿ ಕಣ್ಣೊರೆಸಿಕೊಂಡಳು. ಆಮೇಲೆ ಗಂಡನನ್ನು ನೋಡಿದಳು. ಬಿಳಿ ಅಂಗಿಯ ಎಡಹೆಗಲ ಮೇಲೆ ಐದು ಬೆರಳು, ಒಂದು ಅಂಗೈ, ಅಚ್ಚೊತ್ತಿದ ಹಾಗೆ ಕಪ್ಪಗೆ.

"ರೀ," ಎಂದಳು ಅವಳು, ತಟ್ಟೆಯನ್ನು ಮೇಜಿನ ಮೇಲಿಡುತ್ತ. "ನಿಮ್ಮ ಹೆಗಲ ಮೇಲೆ ಏನದು?"

ಯಜಮಾನರ ಕೈ ಮತ್ತೆ ಅಲ್ಲಿಗೇ ಹೋಯಿತು.

ಹೊಸಿಲು ದಾಟುತ್ತಿದ್ದ ಹುಡುಗಿ ನಿಂತಳು. ಒಮ್ಮೆ ತಿರುಗಿ ನೋಡಿ, ತನ್ನ ಹೆಗಲ ಮೇಲಿದ್ದ ಚೀಲವನ್ನು ನಿಧಾನವಾಗಿ ಕೆಳಗಿಳಿಸಿದಳು.