ಉಪ್ಪಿಟ್ಟಿನ ಸಂದರ್ಶನ

ಜನ ಜಗಳವಾಡಲೆಂದೇ ಮಾಡಿದ ಆ್ಯಪು ಅದು. ಅದರ ಮುಖ್ಯಸ್ಥೆಯ ಹುದ್ದೆಗೆ ಸಂದರ್ಶನಕ್ಕೆ ಬಂದ ನಾಗವೇಣಿಯೋ, ಜನ್ಮದಲ್ಲಿ ಯಾರಿಗೂ ಎದುರಾಡಿದವಳಲ್ಲ.

"ಉಪ್ಪಿಟ್ಟೂ ಒಂದು ತಿಂಡೀನೇನ್ರೀ? ಬರೀ ಕಾಂಕ್ರೀಟು!" ಎಂದು ಕೆಣಕಿದರು ಸಂದರ್ಶಕರಲ್ಲೊಬ್ಬರು.

"ನೀವು ಹೇಳೋದೇ ಸರಿ ಸಾರ್."

"ಉಪ್ಪಿಟ್ಟಿನಂಥ ತಿಂಡಿ ಇನ್ನೊಂದಿಲ್ಲ!" ಎಂದರು ಪಕ್ಕದಲ್ಲಿದ್ದ ಮೇಡಂ.

"ಅದೂ ನಿಜ ಮೇಡಂ."

ಅಧ್ಯಕ್ಷರು ನಿಟ್ಟುಸಿರಿಟ್ಟರು. "ಇಷ್ಟೊಂದು ಸಾಧು ಆದ್ರೆ ನಮ್ಮ ಕಂಪನಿಗೆ ಒಗ್ಗಲ್ಲಮ್ಮಾ, ಹೋಗ್ಬನ್ನಿ."

ನಾಗವೇಣಿ ಮುಖ ಸಪ್ಪಗೆ ಮಾಡಿಕೊಂಡು ಎದ್ದಳು.

"ಆಯಮ್ಮ ಒಪ್ಪಿದ್ದು ನನ್ನ ಮಾತು!" ಎಂದರು ಉಪ್ಪಿಟ್ಟನ್ನು ಹಳಿದಿದ್ದ ಸಾಹೇಬರು, ಮೇಡಮ್ಮಿನತ್ತ ತಿರುಗಿ.

"ಏನ್ರೀ ನಿಮ್ಮದು? ನನ್ನ ಮಾತು!"

ಅವಳು ಬಾಗಿಲು ಮುಟ್ಟುವಷ್ಟರಲ್ಲಿ ಹಿಂದೆ ಕುರ್ಚಿ ಉರುಳಿತು. ಸಾಹೇಬರ ಕಾಲರು ಮೇಡಮ್ಮಿನ ಮುಷ್ಟಿಯಲ್ಲಿತ್ತು.

ಅಧ್ಯಕ್ಷರು ಓಡಿಬಂದು ನಾಗವೇಣಿಗೆ ಕೈಮುಗಿದರು: "ನಾಳೆಯಿಂದಲೇ ಬಂದ್ಬಿಡಿ ತಾಯಿ."